ಕಬ್ಬಿನ ಸಕ್ಕರೆ ಮಣ್ಣಿನಿಂದ ಬರುತ್ತಾ, ಗಾಳಿಯಿಂದಲಾ?

ಪುಣೆಯಿಂದ ಬಾರಾಮತಿ ಕಡೆ ಹೋಗುವಾಗ ಕಬ್ಬಿನ ಗದ್ದೆ ನೋಡಿ, ಇಷ್ಟೊಂದು ಸಿಹಿ ಮಣ್ಣಿನಿಂದ ಬರುತ್ತಾ ಎಂದು ಕೇಳಿದ್ದೀರಿ. ಇಲ್ಲ. ಮಣ್ಣು ಕೊಡುವುದು ನೀರು, ಲವಣ ಅಷ್ಟೇ. ಸಕ್ಕರೆಯ ಕಾರ್ಬನ್ ಬರುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ.

ಬಿಸಿಲು ನೇರವಾಗಿ ಸಕ್ಕರೆ ಮಾಡುವುದಿಲ್ಲ. ಎಲೆಯ ಹಸಿರು ಬಿಸಿಲು ಹೀರಿ ನೀರನ್ನು ಒಡೆಯುತ್ತದೆ. ಆಗ ಎಟಿಪಿ, ಎನ್‌ಎಡಿಪಿಎಚ್ ಎಂಬ ಶಕ್ತಿ ತುಂಬಿದ ಅಣುಗಳು ತಯಾರಾಗುತ್ತವೆ. (ಗಿಡ ಬಿಡುವ ಆಕ್ಸಿಜನ್ ಕೂಡ ಈ ನೀರಿನದೇ. ತುಂಬಾ ಜನ ಅದು ಕಾರ್ಬನ್ ಡೈಆಕ್ಸೈಡ್‌ನದು ಅಂದುಕೊಂಡಿರುತ್ತಾರೆ.)

ಮುಂದಿನದು ಸಕ್ಕರೆ ಕಟ್ಟುವ ಹಂತ, ಅದರ ಹೆಸರು ಕ್ಯಾಲ್ವಿನ್ ಚಕ್ರ. ಅಮೆರಿಕದ ರಸಾಯನ ವಿಜ್ಞಾನಿ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕೇ. ರುಬಿಸ್ಕೊ ಎಂಬ ಕಿಣ್ವ (ಎಂಜೈಮ್) ಕಾರ್ಬನ್ ಡೈಆಕ್ಸೈಡನ್ನು 5 ಕಾರ್ಬನ್‌ಗಳ ಅಣುವಿಗೆ ಅಂಟಿಸುತ್ತದೆ. ಅದು ತಕ್ಷಣ 3 ಕಾರ್ಬನ್‌ಗಳ ಎರಡು ತುಂಡಾಗುತ್ತದೆ. ಆ ಎಟಿಪಿ, ಎನ್‌ಎಡಿಪಿಎಚ್ ಖರ್ಚಾಗಿ ತುಂಡುಗಳು ಸಣ್ಣ ಸಕ್ಕರೆಗಳಾಗುತ್ತವೆ. 3 ಕಾರ್ಬನ್ ಡೈಆಕ್ಸೈಡ್ ಒಳಗೆ ಬಂದರೆ ಇಂಥ 6 ಸಕ್ಕರೆ. ಆದರೆ ಗಿಡಕ್ಕೆ ದಕ್ಕುವುದು 1 ಮಾತ್ರ! ಉಳಿದ 5 ಮತ್ತೆ ಮೊದಲಿನ ಅಣುವನ್ನು ಕಟ್ಟಲು ಹೋಗುತ್ತವೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕಿದ ಹಾಗೆ, ಅಲ್ವಾ?

ರುಬಿಸ್ಕೊಗೆ ಒಂದು ಕೆಟ್ಟ ಚಾಳಿ ಇದೆ. ಸೆಖೆ ಜಾಸ್ತಿಯಾದರೆ ಕಾರ್ಬನ್ ಡೈಆಕ್ಸೈಡ್ ಬದಲು ಆಕ್ಸಿಜನ್ನನ್ನು ಹೆಚ್ಚೆಚ್ಚು ಹಿಡಿಯುತ್ತದೆ. ಭತ್ತ, ಗೋಧಿಗೆ ಇದರಿಂದ ನಷ್ಟ. ಕಬ್ಬು, ಜೋಳ ಜಾಣ ಬೆಳೆಗಳು. ಬೇರೊಂದು ಕಿಣ್ವ ಬಳಸಿ ಮೊದಲು 4 ಕಾರ್ಬನ್‌ಗಳ ಆಮ್ಲ ಮಾಡುತ್ತವೆ. ಅದನ್ನು ಎಲೆಯ ನರಗಳ ಸುತ್ತಲಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ರುಬಿಸ್ಕೊ ಸುತ್ತ ಅದೇ ತುಂಬಿರುವುದರಿಂದ ಆಕ್ಸಿಜನ್‌ಗೆ ಜಾಗ ಸಿಗುವುದು ಕಷ್ಟ.