ಪ್ರೊಜೆಕ್ಟರ್ ಆನ್ ಮಾಡುವ ಮುಂಚೆ ಮಕ್ಕಳನ್ನು ಕೇಳಿ

ಪ್ರಶ್ನೆ: ಮೇಡಂ, ನಾನು ಕೋಲಾರದಲ್ಲಿ ಬಿ.ಇಡಿ. ಎರಡನೇ ವರ್ಷ ಓದುತ್ತಿದ್ದೇನೆ. ನನ್ನ ವಿಷಯ ಗಣಿತ. ಮುಂದಿನ ತಿಂಗಳು ಶ್ರೀನಿವಾಸಪುರದ ಕಡೆ ಒಂದು ಹಳ್ಳಿ ಹೈಸ್ಕೂಲಿಗೆ ಇಂಟರ್ನ್‌ಶಿಪ್‌ಗೆ ಹೋಗಬೇಕು. ಕಾಲೇಜಿನಲ್ಲಿ ಪಿಪಿಟಿ ಮಾಡಿ ಕೊಟ್ಟಿದ್ದೇನೆ, ಮಾರ್ಕ್ಸೂ ಬಂದಿದೆ. ಆದರೆ ನಿಜವಾದ ಮಕ್ಕಳ ಮುಂದೆ ಇದನ್ನೆಲ್ಲ ಹೇಗೆ ಬಳಸುವುದೋ ಗೊತ್ತಾಗುತ್ತಿಲ್ಲ. ಆ ಶಾಲೆಯಲ್ಲಿ ಇರುವುದು ಒಂದೇ ಪ್ರೊಜೆಕ್ಟರ್. ಕರೆಂಟ್ ಬೇರೆ ಆಗಾಗ ಹೋಗುತ್ತದಂತೆ. ಎಷ್ಟು ಆ್ಯಪ್ ಕಲಿಯಬೇಕು? ಎಲ್ಲಿಂದ ಶುರು ಮಾಡಲಿ?
– ಭಾವಿ ಶಿಕ್ಷಕಿ, ಕೋಲಾರ

ಉತ್ತರ: ತಂಗಿ, ಈಗ ಒಂದೇ ಒಂದು ಕಲಿಯಿರಿ, ಸಾಕು. ಗಣಿತದವರಿಗೆ ಅದು ಜಿಯೋಜೀಬ್ರಾ, ರೇಖಾಗಣಿತದ ಚಿತ್ರ ಬರೆದು ಬಿಂದುಗಳನ್ನು ಎಳೆದಾಡಿಸಿ ನೋಡುವ ಆ್ಯಪ್. ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಆಸ್ಟ್ರಿಯಾದ ಮಾರ್ಕಸ್ ಹೊಹೆನ್‌ವಾರ್ಟರ್ 2001ರಲ್ಲಿ ಇದನ್ನು ಶುರು ಮಾಡಿದಾಗ ಅವರೂ ನಿಮ್ಮ ಹಾಗೆ ಓದುತ್ತಿದ್ದವರೇ.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪಾಠದಲ್ಲಿ ಚಾಕ್‌ಪೀಸ್ ಸೋಲುವ ಜಾಗ ಯಾವುದು ಅಂತ ಮೊದಲು ಹುಡುಕಿ. ಯಂತ್ರ ಬೇಕಾಗುವುದು ಅಲ್ಲಿ ಮಾತ್ರ. ಪುಸ್ತಕದಲ್ಲಿರುವ ವಾಕ್ಯಗಳನ್ನೇ ಸ್ಲೈಡಿಗೆ ಹಾಕಿ ಗೋಡೆಯ ಮೇಲೆ ಓದಿಸಿದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಬೋರ್ಡೇ ಒಳ್ಳೆಯದು.

ಅರ್ಧವೃತ್ತದ ಪಾಠವನ್ನೇ ತೆಗೆದುಕೊಳ್ಳಿ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅಂತ ಹೇಳುತ್ತೇವೆ. ಬೋರ್ಡಿನ ಮೇಲೆ ಎಷ್ಟು ಚಿತ್ರ ಬರೆದು ತೋರಿಸಬಹುದು? ಮೂರು, ನಾಲ್ಕು. ಅದೂ ಕೈಯಲ್ಲಿ ಬರೆದಾಗ ಒಂದು ಕೋನ 87 ಬಂದಿರುತ್ತದೆ. ಹಿಂದಿನ ಬೆಂಚಿನ ಹುಡುಗ ಅದನ್ನು ನೋಡಿಯೇ ಇರುತ್ತಾನೆ. ಚಾಕ್‌ಪೀಸ್ ಸೋಲುವುದು ಇಲ್ಲೇ.

ಜಿಯೋಜೀಬ್ರಾದಲ್ಲಿ ಎರಡು ಬಿಂದು ಇಟ್ಟರೆ ಅರ್ಧವೃತ್ತ ಬರುತ್ತದೆ. ಕಂಸದ ಮೇಲೆ ಮೂರನೆಯ ಬಿಂದು ಸಿ ಇಡಿ. ಕೋನ ಅಳೆಯಿರಿ, 90 ಅಂತ ತೋರಿಸುತ್ತದೆ. ಈಗ ಕೈ ತಡೆಯಿರಿ, ಎಳೆಯಬೇಡಿ. ‘ಸಿ ಬಿಂದುವನ್ನು ಈ ಮೂಲೆಯ ಹತ್ತಿರ ತಂದರೆ ಕೋನ ದೊಡ್ಡದಾಗುತ್ತಾ, ಚಿಕ್ಕದಾಗುತ್ತಾ, ಹಾಗೇ ಇರುತ್ತಾ?’ ಅಂತ ಕೇಳಿ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೈ ಎತ್ತಿಸಿದರೆ ಪಕ್ಕದವರನ್ನು ನೋಡಿ ಎತ್ತುತ್ತಾರೆ, ಅದಕ್ಕೇ ಬರೆಸಬೇಕು. ಆಮೇಲೆ ನಿಧಾನವಾಗಿ ಎಳೆಯಿರಿ. ಬಿಂದು ಓಡುತ್ತದೆ, 90 ಮಾತ್ರ ಅಲುಗುವುದಿಲ್ಲ. ಮುಂದೆ ಎಲ್ಲಿಗೆ ಬೇಕಾದರೂ ಹೋಗುವಂಥ ಇನ್ನೊಂದು ಬಿಂದು ಇಟ್ಟು ಅರ್ಧವೃತ್ತದ ಒಳಗೆ ತನ್ನಿ, ಕೋನ 90 ದಾಟುತ್ತದೆ. ಕಂಸದ ಆಚೆ ಒಯ್ಯಿರಿ, 90ಕ್ಕಿಂತ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದ ಮಗು ‘ಯಾಕೆ ಹಾಗೆ?’ ಅಂತ ತಾನಾಗಿ ಕೇಳುತ್ತದೆ.

ಆ ಪ್ರಶ್ನೆ ಬಂದ ಕೂಡಲೇ ಪ್ರೊಜೆಕ್ಟರ್ ಸಾಕು, ಬೋರ್ಡಿಗೆ ಬನ್ನಿ. ಯಂತ್ರ ಹೀಗಾಗುತ್ತದೆ ಅಂತ ತೋರಿಸಿತು. ಯಾಕೆ ಅನ್ನುವುದು ನಿಮ್ಮ ಕೆಲಸ. ಕೇಂದ್ರದಿಂದ ಸಿ ಬಿಂದುವಿಗೆ ತ್ರಿಜ್ಯ ಎಳೆಯಿರಿ. ಎರಡು ಸಮದ್ವಿಬಾಹು ತ್ರಿಭುಜ ಸಿಗುತ್ತವೆ. ಒಂದರಲ್ಲಿ ಸಮನಾದ ಎರಡು ಕೋನ ಎಕ್ಸ್, ಇನ್ನೊಂದರಲ್ಲಿ ಸಮನಾದ ಎರಡು ಕೋನ ವೈ. ದೊಡ್ಡ ತ್ರಿಭುಜದಲ್ಲಿ ಈ ನಾಲ್ಕೂ ಸೇರಿ 180. ಹಾಗಾದರೆ ಒಂದು ಎಕ್ಸ್, ಒಂದು ವೈ ಸೇರಿದರೆ 90. ಸಿ ಬಿಂದುವಿನ ಕೋನ ಅದೇ ಅಲ್ವಾ?

ಕರೆಂಟ್ ಹೋದರೆ? ಮಕ್ಕಳಿಗೆ ಬಳೆ ಇಟ್ಟು ವೃತ್ತ ಬರೆಯಲು ಹೇಳಿ. ನೋಟ್‌ಬುಕ್ ಹಾಳೆಯ ಮೂಲೆಯನ್ನು ವೃತ್ತದ ಗೆರೆಯ ಮೇಲೆ ಕೂರಿಸಲಿ. ಹಾಳೆಯ ಎರಡು ಅಂಚು ವೃತ್ತವನ್ನು ಮತ್ತೆ ಎಲ್ಲಿ ಮುಟ್ಟುತ್ತವೋ ಅಲ್ಲಿ ಗುರುತು ಹಾಕಿ ಸೇರಿಸಲಿ. ಬರುವುದು ವ್ಯಾಸ. ಬೇರೆ ಜಾಗದಲ್ಲಿ ಇನ್ನೊಮ್ಮೆ ಮಾಡಿದರೆ ಎರಡು ವ್ಯಾಸ ಸೇರುವ ಕಡೆ ಕೇಂದ್ರ. ಈ ಚಟುವಟಿಕೆಯನ್ನು ಪಾಠಯೋಜನೆಯಲ್ಲೇ ಬರೆದಿಡಿ. ಕರೆಂಟ್ ಇದ್ದ ದಿನವೂ ಮಾಡಿಸಿ, ನನಗಂತೂ ಇದೇ ಜಾಸ್ತಿ ಇಷ್ಟ.

ಇನ್ನು ವೀಡಿಯೊ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ಶಾಲಾ ಕಲಿಕೆಯ ಆ್ಯಪ್ ಆದ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿದರೆ ಪಾಠದ ಸಾಮಗ್ರಿ ಬರುತ್ತದೆ. ದೀಕ್ಷಾ ಬಂದಿದ್ದು 2017ರಲ್ಲಿ. ಬೇಕಾದದ್ದನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ತರಗತಿಯಲ್ಲಿ ನಿಂತು ಹಾಟ್‌ಸ್ಪಾಟ್ ಹುಡುಕಬೇಡಿ. ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ವೀಡಿಯೊದವರ ಪುಸ್ತಕದ ಕನ್ನಡ, ಅದೂ ಆ ವೇಗದಲ್ಲಿ, ಅವರ ಕಿವಿಗೆ ಹತ್ತುವುದಿಲ್ಲ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ನಾನು ಮೊದಲ ಸಲ ಸೌಂಡ್ ತೆಗೆದೇ ಹಾಕುತ್ತಿದ್ದೆ. ಚಿತ್ರ ಅದರದು, ಮಾತು ನನ್ನದು. ನಡುವೆ ನಿಲ್ಲಿಸಿ ‘ಇಪ್ಪುಡು ಏಮವುತುಂದಿ?’ (ಈಗ ಏನಾಗುತ್ತದೆ?) ಅಂತ ತೆಲುಗಿನಲ್ಲಿ ಕೇಳಿದರೆ ವರ್ಷವಿಡೀ ಬಾಯಿ ಬಿಡದ ಹುಡುಗಿಯೂ ಉತ್ತರ ಹೇಳುತ್ತಿದ್ದಳು. ಆಮೇಲೆ ಅದೇ ಉತ್ತರವನ್ನು ಎಲ್ಲರೂ ಸೇರಿ ಕನ್ನಡದಲ್ಲಿ ಹೇಳುತ್ತಿದ್ದೆವು. ದಯವಿಟ್ಟು ಇದನ್ನು ಮಾಡಿ ನೋಡಿ.

ಇಂಟರ್ನ್‌ಶಿಪ್ ಶುರುವಾಗುವ ಮೊದಲೇ ಒಮ್ಮೆ ಶಾಲೆಗೆ ಹೋಗಿ ಬನ್ನಿ. ಪ್ರೊಜೆಕ್ಟರಿಗೆ ಯಾವ ಕೇಬಲ್ ಅಂತ ನೋಡಿ. ಹಳೆಯದರಲ್ಲಿ ವಿಜಿಎ ಇರುತ್ತದೆ, ಹೊಸ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ. ಹಾಗಿದ್ದರೆ ಕನ್ವರ್ಟರ್ ಬೇಕು. ಕಿಟಕಿಯ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಹಿಂದಿನ ಬೆಂಚಿನಿಂದ ಅಕ್ಷರ ಕಾಣುತ್ತದಾ, ಅಲ್ಲೇ ಕೂತು ನೋಡಿ. ಸ್ಲೈಡನ್ನು ಯೂನಿಕೋಡಿನಲ್ಲೇ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆಯಲ್ಲೇ, ಟೈಪ್ ಮಾಡಿ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳು ಬಂದು ಕೂರುತ್ತವೆ.

ಪ್ರಶ್ನೆ: ಪಾಠಯೋಜನೆಯನ್ನು ಚಾಟ್‌ಜಿಪಿಟಿ ಕೈಲಿ ಬರೆಸಿದರೆ ತಪ್ಪಾ ಮೇಡಂ? ನಮ್ಮ ಬ್ಯಾಚಿನಲ್ಲಿ ಸುಮಾರು ಜನ ಹಾಗೇ ಮಾಡುತ್ತಾರೆ.
– ಬಿ.ಇಡಿ. ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಮೊದಲ ಕರಡು ನಿಮ್ಮದೇ ಆಗಿರಲಿ. ಯಾವ ಮಗುವಿಗೆ ಭಾಗಾಕಾರವೇ ಬರುವುದಿಲ್ಲ, ಯಾವ ಮಗು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ತಡವಾಗಿ ಬರುತ್ತದೆ, ಅದು ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಕರಡು ಆದಮೇಲೆ ಅಭ್ಯಾಸದ ಲೆಕ್ಕಗಳನ್ನು ಕೇಳಿ. ಹಿಪ್ಪುನೇರಳೆ ತೋಟ, ಗೂಡಿನ ರೇಟು ಇಟ್ಟು ಲೆಕ್ಕ ಮಾಡಿಕೊಡು ಅನ್ನಿ. ಕೊಟ್ಟದ್ದನ್ನೆಲ್ಲ ಪೆನ್ನು ಹಿಡಿದು ನೀವೇ ಬಿಡಿಸಿ ನೋಡಿ, ತಪ್ಪು ಉತ್ತರವನ್ನೂ ಅದು ಧೈರ್ಯವಾಗಿ ಹೇಳುತ್ತದೆ. ಮಕ್ಕಳ ಹೆಸರು, ಮಾರ್ಕ್ಸ್, ಫೋಟೊ ಮಾತ್ರ ಅದರೊಳಗೆ ಹಾಕಲೇಬೇಡಿ. ಅವು ನಿಮ್ಮನ್ನು ನಂಬಿ ಶಾಲೆಯವರು ತೋರಿಸಿದ್ದು.