ಏಳು ವರ್ಷದ ಮಗುವಿಗೆ ಹಲ್ಲಿನ ಕ್ಲಿಪ್: ಈಗಲೇ ಬೇಕೇ?

ನಿಮ್ಮ ಪತ್ರ ಓದಿದೆ. ನೀವು ಈ ದೇಶಕ್ಕೆ ಬಂದು ನಾಲ್ಕು ತಿಂಗಳೂ ತುಂಬಿಲ್ಲ. 7 ವರ್ಷದ ಮಗಳನ್ನು ಮಾಮೂಲಿ ತಪಾಸಣೆಗೆಂದು ಕರೆದೊಯ್ದರೆ ದಂತವೈದ್ಯರು ಆರ್ಥೊಡಾಂಟಿಸ್ಟರ, ಅಂದರೆ ಹಲ್ಲಿನ ಸಾಲು ಸರಿಪಡಿಸುವ ತಜ್ಞರ, ಬಳಿಗೆ ಚೀಟಿ ಕೊಟ್ಟರು, ಅವರು ಈಗೊಂದು ಹಂತ, 12ರ ಸುಮಾರಿಗೆ ಮತ್ತೊಂದು ಹಂತ ಎಂದು ಎರಡು ಕಂತಿನ ಚಿಕಿತ್ಸೆ ಸೂಚಿಸಿದ್ದಾರೆ. ಹಾಲುಹಲ್ಲೇ ಪೂರ್ತಿ ಬಿದ್ದಿಲ್ಲ, ಇಷ್ಟು ಬೇಗ ಕ್ಲಿಪ್ ಹಾಕಿಸುವುದುಂಟೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ. ಹೊರದೇಶದಲ್ಲಿ 18 ವರ್ಷ ಕಳೆದು, ಇಬ್ಬರು ಮಕ್ಕಳ ಹಲ್ಲಿಗಾಗಿ ಸಾಕಷ್ಟು ಅಲೆದವನು ಎಂಬಷ್ಟೇ ಸಲುಗೆಯಿಂದ ಬರೆಯುತ್ತಿದ್ದೇನೆ.

ಬೇಗ ತೋರಿಸುವುದು ಬೇರೆ, ಬೇಗ ಚಿಕಿತ್ಸೆ ಶುರುಮಾಡುವುದು ಬೇರೆ. ಮಗುವಿಗೆ 7 ತುಂಬುವುದರೊಳಗೆ ಒಮ್ಮೆ ತೋರಿಸಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವೇ ಹೇಳುತ್ತದೆ, ಮತ್ತು ಅದಕ್ಕೆ ಕಾರಣವಿದೆ. 6ರ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಮೇಲಿನ ಮತ್ತು ಕೆಳಗಿನ ದವಡೆ ಹೇಗೆ ಕೂಡುತ್ತಿವೆ ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಹಾಗೆ ನೋಡಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಸಿಗಬೇಕಾದ ಉತ್ತರ, ಸದ್ಯಕ್ಕೇನೂ ಬೇಡ, ಆರು ತಿಂಗಳೋ ವರ್ಷವೋ ಬಿಟ್ಟು ಬನ್ನಿ ಎಂಬುದೇ.

ಕಾಯಬಾರದ ಸಂದರ್ಭಗಳೂ ಇವೆ. ಕೆಳದವಡೆ ಮುಂದಕ್ಕೆ ಬಂದು ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳ ಹೊರಗೆ ಕೂರುತ್ತಿದ್ದರೆ, ಮೇಲ್ದವಡೆ ಕಿರಿದಾಗಿ ಮಗು ಬಾಯಿ ಮುಚ್ಚುವಾಗ ಕೆಳದವಡೆಯನ್ನು ಒಂದು ಪಕ್ಕಕ್ಕೆ ಸರಿಸುತ್ತಿದ್ದರೆ, ಹಾಲಿನ ದವಡೆಹಲ್ಲು ಹುಳುಕಿನಿಂದ ಅವಧಿಗೆ ಮುನ್ನ ಹೋಗಿ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತಿದ್ದರೆ, ಆಗ ಎಲುಬು ಎಳೆಯದಾಗಿರುವಾಗಲೇ ಮಾಡುವ ಕೆಲಸಕ್ಕೆ ಬೆಲೆಯಿದೆ. ಉಬ್ಬುಹಲ್ಲಿನ ವಿಷಯ ಮಾತ್ರ ಸ್ವಲ್ಪ ಜಟಿಲ. ಈ ಕುರಿತ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ ಕಾಕ್ರೇನ್ ಎಂಬ ಸಂಸ್ಥೆಯ 2018ರ ಪರಿಶೀಲನೆಯ ಪ್ರಕಾರ, ಬೇಗ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗುವ ಸಂಭವ ಕಡಿಮೆಯಾಗುತ್ತದೆ. ಅದನ್ನು ಬಿಟ್ಟರೆ, ಹದಿಹರೆಯದಲ್ಲಿ ಒಂದೇ ಸಲಕ್ಕೆ ಮುಗಿಸಿದವರಿಗಿಂತ ಬೇರೆ ಲಾಭ ಕಂಡುಬಂದಿಲ್ಲ. ಸದಾ ಓಡಿ ಎಡವಿ ಬೀಳುವ ಮಗುವಾದರೆ ಅದೂ ಸಣ್ಣ ಲಾಭವಲ್ಲ ಎನ್ನಿ.

ನನ್ನ ಹಿರಿಯ ಮಗನದು ಕಿರಿದಾದ ಮೇಲ್ದವಡೆ. 8ನೇ ವಯಸ್ಸಿನಲ್ಲಿ ಅಂಗುಳಕ್ಕೆ ದವಡೆಯನ್ನು ಮೆಲ್ಲಗೆ ಅಗಲಿಸುವ ಸಾಧನವಾದ ಎಕ್ಸ್‌ಪ್ಯಾಂಡರ್ ಕೂರಿಸಿದರು. ಅದರ ನಡುವಿನ ಪುಟ್ಟ ಸ್ಕ್ರೂವನ್ನು ಮನೆಯಲ್ಲೇ ತಿರುಗಿಸಬೇಕು. ರಾತ್ರಿ ಅವನನ್ನು ಅಂಗಾತ ಮಲಗಿಸಿ, ನನ್ನವಳು ಟಾರ್ಚ್ ಹಿಡಿಯುತ್ತಿದ್ದಳು, ಕೈಜಾರಿ ಗಂಟಲಿಗೆ ಹೋದೀತೆಂದು ದಾರ ಕಟ್ಟಿಕೊಂಡ ಕೀಲಿಯನ್ನು ನಾನು ತೂತಿಗೆ ಹಾಕಿ ಗಂಟಲಿನ ಕಡೆಗೆ ಒಂದೇ ಸುತ್ತಿನ ಕಾಲುಭಾಗ ತಳ್ಳುತ್ತಿದ್ದೆ. ಒಂದು ಸಲಕ್ಕೆ ಸುಮಾರು 0.25 ಮಿಲಿಮೀಟರ್. ಎರಡನೆಯ ವಾರ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬಿಟ್ಟಾಗ ಹುಡುಗ ಕನ್ನಡಿ ನೋಡಿ ಅತ್ತೇಬಿಟ್ಟ. ಅಂಗುಳದ ನಡುವಿನ ಎಲುಬಿನ ಬೆಸುಗೆ ತೆರೆದುಕೊಂಡಿದೆ ಎಂಬುದಕ್ಕೆ ಅದೇ ಗುರುತು, ಸಂದು ತಾನಾಗಿ ಕೂಡಿಕೊಳ್ಳುತ್ತದೆ ಎಂದು ವೈದ್ಯರು ಸಮಾಧಾನ ಹೇಳಿದರು, ಹಾಗೆಯೇ ಆಯಿತು. ಹೊಸ ಎಲುಬು ತುಂಬಿಕೊಳ್ಳಲೆಂದು ಆ ಸಾಧನವನ್ನು ಇನ್ನೂ ಹಲವು ತಿಂಗಳು ಬಾಯಲ್ಲೇ ಬಿಟ್ಟಿದ್ದರು. ಬೆಳವಣಿಗೆ ಮುಗಿದು ಆ ಬೆಸುಗೆ ಬಿಗಿದ ಮೇಲೆ ಇದೇ ಕೆಲಸಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು, ಆದ್ದರಿಂದ ಅವನ ವಿಷಯದಲ್ಲಿ ಆತುರ ನ್ಯಾಯವಾಗಿತ್ತು.

ಕಿರಿಯವಳದು ಬೇರೆಯೇ ಕಥೆ. ಕೆಳಗಿನ ಮುಂದಿನ ಹಲ್ಲುಗಳು ಸ್ವಲ್ಪ ಒತ್ತೊತ್ತಾಗಿದ್ದವು, ಅಷ್ಟೇ. ಮೊದಲು ಹೋದ ಚಿಕಿತ್ಸಾಲಯದಲ್ಲಿ ಅಂದೇ ಸಹಿ ಹಾಕಿದರೆ ರಿಯಾಯಿತಿ ಎಂದರು. ನನಗೆ ಅದು ಹಿಡಿಸಲಿಲ್ಲ. ಇನ್ನೊಬ್ಬ ತಜ್ಞರು ಎಕ್ಸ್‌ರೇ ನೋಡಿ, ಹಾಲಿನ ದವಡೆಹಲ್ಲುಗಳು ಅವುಗಳ ಜಾಗಕ್ಕೆ ಬರುವ ಹಲ್ಲುಗಳಿಗಿಂತ ಅಗಲವಾಗಿರುವುದರಿಂದ ಮುಂದೆ ಒಂದಿಷ್ಟು ಜಾಗ ತಾನಾಗಿ ಸಿಗುತ್ತದೆ ಎಂದು ವಿವರಿಸಿ ಕಾಯಲು ಹೇಳಿದರು. ಅವಳಿಗೆ 12 ತುಂಬಿದ ಮೇಲೆ ಒಂದೇ ಸಲ ಕ್ಲಿಪ್ ಹಾಕಿಸಿ ಮುಗಿಸಿದೆವು.

ಹೊಸದಾಗಿ ಬಂದವರು ಮರೆಯುವ ಒಂದು ಮಾತಿದೆ. ನಮ್ಮಂಥವರು ಕೆಲಸದ ಬೆನ್ನುಹತ್ತಿ ಊರು ಬದಲಿಸುವವರು, ಈ ಚಿಕಿತ್ಸೆಯಾದರೋ ವರ್ಷಗಟ್ಟಲೆ ನಡೆಯುವಂಥದ್ದು. ನಡುವೆ ಬಿಟ್ಟುಹೋದರೆ ಕಟ್ಟಿದ ಹಣದಲ್ಲಿ ಎಷ್ಟು ಮರಳುತ್ತದೆ, ಎಕ್ಸ್‌ರೇ ಮತ್ತು ಅಚ್ಚುಗಳ ಪ್ರತಿ ಕೊಡುತ್ತಾರೆಯೇ ಎಂಬುದನ್ನು ಸಹಿಗೆ ಮುಂಚೆ ಬರವಣಿಗೆಯಲ್ಲಿ ಪಡೆಯಿರಿ. ವಿಮೆಯನ್ನೂ ಕಣ್ಣಿಟ್ಟು ಓದಿ: ಅನೇಕ ವಿಮೆಗಳು ಕ್ಲಿಪ್ಪಿಗೆಂದು ಜೀವಮಾನಕ್ಕೆಲ್ಲ ಒಂದೇ ಮೊತ್ತ ಗೊತ್ತುಮಾಡಿರುತ್ತವೆ, ಮೊದಲ ಹಂತದಲ್ಲೇ ಅದು ಕರಗಿದರೆ ಎರಡನೆಯದಕ್ಕೆ ಕೈಯಿಂದಲೇ ಕಟ್ಟಬೇಕು.

ಮುಂದಿನ ಭೇಟಿಯಲ್ಲಿ ಆರ್ಥೊಡಾಂಟಿಸ್ಟರನ್ನು ನೇರವಾಗಿ ಕೇಳಿ: ನಾವು ಮೂರು ವರ್ಷ ಕಾದರೆ, ಆಮೇಲೆ ಸರಿಪಡಿಸಲಾಗದ್ದು ಯಾವುದು? ಅವರು ಎಕ್ಸ್‌ರೇಯ ಮೇಲೆ ಬೆರಳಿಟ್ಟು ತೋರಿಸಿದರೆ ಶುರುಮಾಡಿ. ನಗು ಚೆನ್ನಾಗಿ ಕಾಣುತ್ತದೆ ಎಂಬುದಷ್ಟೇ ಉತ್ತರವಾದರೆ ಎಕ್ಸ್‌ರೇಯ ಪ್ರತಿ ಇಸಿದುಕೊಂಡು ಇನ್ನೊಬ್ಬರಿಗೆ ತೋರಿಸಿ.