ಬಣ್ಣ ಬಳಿದ ಬೆಕ್ಕು ಮತ್ತು ಗಾಳಿಯಲ್ಲಿ ಬರೆದ ಬಾಗಿಲು

ಹಳೆಯ ಕಾರ್ಟೂನ್ ಕಿರುಚಿತ್ರಗಳಲ್ಲಿ ಏನು ಬೇಕಾದರೂ ನಡೆಯಬಹುದಾದ ಮೇಲೆ ಅವುಗಳ ಅಸಂಗತ ಹಾಸ್ಯ ಬೇಸರ ತರಿಸಬೇಕಲ್ಲವೇ, ಆದರೂ ನಾವು ನಗುವುದೇಕೆ ಎಂದು ನೀವು ಕೇಳಿದ್ದೀರಿ. ಆ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತ ಬಂದಿರುವ ನನಗೆ, ಅಲ್ಲಿ ಏನು ಬೇಕಾದರೂ ನಡೆಯುತ್ತದೆ ಎಂಬ ಮಾತೇ ಸರಿಯೆನಿಸುವುದಿಲ್ಲ. ಅವು ನಮ್ಮ ಲೋಕದ ಕಟ್ಟಳೆಯನ್ನು ಮುರಿದು, ಆ ಜಾಗದಲ್ಲಿ ತಮ್ಮದೇ ಆದ ವಿಚಿತ್ರ ಕಟ್ಟಳೆಯೊಂದನ್ನು ಇಟ್ಟು, ಅದಕ್ಕೆ ನಿಷ್ಠೆಯಿಂದ ನಡೆದುಕೊಳ್ಳುತ್ತವೆ.

ಟೆಕ್ಸ್ ಏವರಿ 1949ರಲ್ಲಿ ಎಂಜಿಎಂ ಸ್ಟುಡಿಯೊಗಾಗಿ ನಿರ್ದೇಶಿಸಿದ ‘ಬ್ಯಾಡ್ ಲಕ್ ಬ್ಲ್ಯಾಕಿ’ಯನ್ನು ನೋಡಿ. ಬುಲ್‌ಡಾಗ್ ಒಂದರ ಕಾಟದಿಂದ ಬಳಲಿದ ಬಿಳಿ ಬೆಕ್ಕಿನ ಮರಿಗೆ ಕರಿ ಬೆಕ್ಕೊಂದು ಸೀಟಿ ಕೊಡುತ್ತದೆ. ಮರಿ ಸೀಟಿ ಊದಿದಾಗಲೆಲ್ಲ ಕರಿ ಬೆಕ್ಕು ನಾಯಿಗೆ ಅಡ್ಡ ಹಾಯುತ್ತದೆ, ಮರುಕ್ಷಣ ನಾಯಿಯ ತಲೆಯ ಮೇಲೆ ಏನಾದರೊಂದು ಬೀಳುತ್ತದೆ. ಉಪಾಯ ಕಂಡುಕೊಂಡ ನಾಯಿ ಆ ಬೆಕ್ಕಿಗೆ ಬಿಳಿ ಬಣ್ಣ ಬಳಿದುಬಿಡುತ್ತದೆ. ಅಪಶಕುನವೂ ಅಲ್ಲಿಗೆ ನಿಲ್ಲುತ್ತದೆ. ಆಗ ಮರಿ ತಾನೇ ಕಪ್ಪು ಬಣ್ಣ ಬಳಿದುಕೊಂಡು ಅಡ್ಡ ಹಾಯುತ್ತದೆ, ಮತ್ತೆ ಬೀಳತೊಡಗುತ್ತದೆ! ಶಕುನವಿರುವುದು ಬೆಕ್ಕಿನಲ್ಲಲ್ಲ, ಬಣ್ಣದಲ್ಲಿ ಎಂಬ ಈ ಅಪ್ಪಟ ತರ್ಕ ನನಗೆ ಪ್ರತಿ ಸಲವೂ ಅಷ್ಟೇ ಸಂತೋಷ ಕೊಡುತ್ತದೆ. ಕೊನೆಗೆ ನಾಯಿ ಸೀಟಿಯನ್ನು ನುಂಗಿ ಬಿಕ್ಕಳಿಸುವಾಗ, ಒಂದೊಂದು ಬಿಕ್ಕಳಿಕೆಗೂ ಸೀಟಿ ಕೂಗಿ, ಸ್ನಾನದ ತೊಟ್ಟಿ, ವಿಮಾನ, ಬಸ್ಸು, ಹಡಗು ಎಂದು ಬೀಳುವ ವಸ್ತುವಿನ ಗಾತ್ರ ಬೆಳೆಯುತ್ತಲೇ ಹೋಗುತ್ತದೆ. ಅಷ್ಟು ಹೊತ್ತಿಗೆ ಬೆಕ್ಕು ಅಡ್ಡ ಬರುವ ಅಗತ್ಯವೂ ಉಳಿದಿರುವುದಿಲ್ಲ. ಸೀಟಿಗೂ ಪತನಕ್ಕೂ ಇರುವ ನಂಟು ನಮ್ಮೊಳಗೆ ಅಷ್ಟು ಗಟ್ಟಿಯಾಗಿ ಕೂತಿರುತ್ತದೆ.

ಅದೇ ವರ್ಷ ಚಕ್ ಜೋನ್ಸ್ ನಿರ್ದೇಶನದಲ್ಲಿ ಬಂದ ಮೊದಲ ರೋಡ್ ರನ್ನರ್ ಚಿತ್ರದಲ್ಲೂ ಹೀಗೆಯೇ: ರೋಡ್ ರನ್ನರ್ ಎಂಬ ಓಟದ ಹಕ್ಕಿಯನ್ನು ಹಿಡಿಯಲು, ತೋಳವನ್ನು ಹೋಲುವ ಪ್ರಾಣಿಯಾದ ಕಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರ ಬರೆಯುತ್ತಾನೆ, ಹಕ್ಕಿ ಅದರೊಳಗೆ ಸಲೀಸಾಗಿ ಓಡಿಹೋಗುತ್ತದೆ, ಹಿಂದೆ ನುಗ್ಗಿದ ಕಯೋಟಿಗೆ ಮಾತ್ರ ಬಂಡೆ ಬಂಡೆಯೇ ಆಗಿರುತ್ತದೆ.

ನನ್ನ ಮಾತಿಗೆ ಎದುರಾಗಿ ನೀವು ಬಾಬ್ ಕ್ಲಾಂಪೆಟ್ ಅವರ 1938ರ ‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ ಚಿತ್ರವನ್ನು ಮುಂದಿಡಬಹುದು. ಅಲ್ಲಿ ಒಂದು ಕ್ಷಣದ ನಿಯಮ ಮರುಕ್ಷಣಕ್ಕೆ ಉಳಿಯುವುದಿಲ್ಲ. ಅದರ ಹಿನ್ನೆಲೆ ಚಿತ್ರಗಳಿಗೆ ನಾನು ಬೆರಗಾಗುತ್ತೇನೆ, ಆದರೆ ಜೋರಾಗಿ ನಗುವುದು ಒಂದೇ ಕಡೆ. ಅಟ್ಟಿಸಿಕೊಂಡು ಬಂದ ಪೋರ್ಕಿ ಎಂಬ ಹಂದಿಯಿಂದ ತಪ್ಪಿಸಿಕೊಳ್ಳಲು ಡೋಡೊ ಹಕ್ಕಿ ಪೆನ್ಸಿಲ್ ಹಿಡಿದು ಗಾಳಿಯಲ್ಲೇ ಬಾಗಿಲೊಂದನ್ನು ಬರೆಯುತ್ತದೆ. ಇನ್ನೇನು ಅದನ್ನು ತೆರೆದು ಒಳಹೋಗುತ್ತದೆ ಎಂದು ನಾವು ಒಪ್ಪಿಕೊಂಡು ಕೂತಿರುವಾಗ, ಅದು ಬಾಗಿಲಿನ ಕೆಳ ಅಂಚನ್ನು ಪರದೆಯಂತೆ ಮೇಲೆತ್ತಿ ಅಡಿಯಿಂದ ನುಸುಳಿಕೊಳ್ಳುತ್ತದೆ.